ಬೆಂಕಿಗಿಂತ ಮುಂಚೆ ತಲುಪಬೇಕಾದ ಸುದ್ದಿ

ಬೆಂಗಳೂರಿನ ಉತ್ತರಹಳ್ಳಿಯಿಂದ ಕೆಂಗೇರಿ ಕಡೆಗೆ ಹೋಗುವ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿಕೊಂಡರೆ ಮುಂದಿನ ಗಾಡಿಯ ಬೆನ್ನು ಓದುತ್ತ ಕೂರುವುದೊಂದೇ ಕೆಲಸ. ಆಟೊ ಆದರೆ ಸಿನಿಮಾ ನಟನ ಚಿತ್ರ, ಲಾರಿ ಆದರೆ ಮನೆದೇವರ ಹೆಸರು. ಪೆಟ್ರೋಲ್ ಟ್ಯಾಂಕರಿನ ಬೆನ್ನು ಮಾತ್ರ ಬೇರೆ ಥರ. ಅಲ್ಲೊಂದು ಫಲಕ. ಅದರಲ್ಲಿ ‘3ವೈಇ’ ಎಂಬ ಮೂರಕ್ಷರ, ಅದರ ಕೆಳಗೆ 1203 ಎಂಬ ಅಂಕಿ, ತುದಿಯ ಮೇಲೆ ನಿಲ್ಲಿಸಿದ ಕೆಂಪು ಚೌಕದಲ್ಲಿ ಬೆಂಕಿಯ ಚಿತ್ರ, ಒಂದೆರಡು ಫೋನ್ ನಂಬರು. ಬೆಂಕಿಯ ಚಿತ್ರ ಮಗುವಿಗೂ ತಿಳಿಯುತ್ತದೆ. ಉಳಿದದ್ದನ್ನು ನಾವು ಗಾಡಿಯ ರಿಜಿಸ್ಟ್ರೇಷನ್ನಿಗೆ ಸಂಬಂಧಿಸಿದ್ದೇನೋ ಇರಬೇಕು ಎಂದು ಬಿಟ್ಟುಬಿಡುತ್ತೇವೆ.

ಇನ್ನೊಂದು ದೃಶ್ಯವನ್ನು ಟಿ.ವಿ.ಯಲ್ಲಿ ನೋಡಿರುತ್ತೀರಿ. ಅಡುಗೆ ಅನಿಲದ ಬುಲೆಟ್ ಟ್ಯಾಂಕರ್ ಹೆದ್ದಾರಿಯಲ್ಲಿ ಮಗುಚಿದೆ. ಒಂದು ಕಡೆ ಜ್ವಾಲೆ ಹೊರಚಿಮ್ಮುತ್ತಿದೆ. ಅಗ್ನಿಶಾಮಕ ದಳದವರು ಬಂದು ಆ ಜ್ವಾಲೆಯ ಗೊಡವೆಗೇ ಹೋಗದೆ, ಉರಿಯದಿರುವ ಟ್ಯಾಂಕಿನ ಬೆನ್ನಿಗೆ ನೀರು ಹೊಡೆಯುತ್ತ ನಿಲ್ಲುತ್ತಾರೆ. ‘ಬೆಂಕಿ ಅಲ್ಲಿದೆ ಕಣ್ರೀ, ಅಲ್ಲಿ ಬಿಡಿ’ ಎಂದು ಸುತ್ತ ನಿಂತವರು ಕೂಗುತ್ತಾರೆ. ಅವರು ಕೇಳುವುದಿಲ್ಲ.

ಅರ್ಥವಾಗದ ಅಕ್ಷರಕ್ಕೂ ಈ ವಿಚಿತ್ರ ನಡವಳಿಕೆಗೂ ಕಾರಣ ಒಂದೇ.

ಮೂರು ಅಕ್ಷರದಲ್ಲಿ ಒಂದು ಯೋಜನೆ

1203 ಎಂದರೆ ಪೆಟ್ರೋಲ್. ಬೆಂಗಳೂರಿನಲ್ಲಿ ಮಾತ್ರ ಅಲ್ಲ, ಬರ್ಲಿನ್ನಿನಲ್ಲೂ ಬ್ಯಾಂಕಾಕಿನಲ್ಲೂ. ಅಪಾಯಕಾರಿ ಸರಕಿನ ಸಾಗಣೆಗೆ ವಿಶ್ವಸಂಸ್ಥೆಯ ತಜ್ಞರ ಸಮಿತಿ 1956ರಲ್ಲಿ ಮೊದಲ ಶಿಫಾರಸುಗಳನ್ನು ಪ್ರಕಟಿಸಿತು. ಅದರಿಂದ ಬೆಳೆದ ಪಟ್ಟಿಯಲ್ಲಿ ಪ್ರತಿಯೊಂದು ವಸ್ತುವಿಗೂ ನಾಲ್ಕಂಕಿಯ ಒಂದು ಸಂಖ್ಯೆ ಇದೆ. ಡೀಸೆಲ್ 1202, ಅಡುಗೆ ಅನಿಲ 1075, ಕ್ಲೋರಿನ್ 1017, ಅಮೋನಿಯ 1005, ಗಂಧಕಾಮ್ಲ 1830. ಇದನ್ನು ‘ಸರಕು ಸಂಖ್ಯೆ’ ಎನ್ನೋಣ. ಲಾರಿಯಲ್ಲಿ ಏನಿದೆ ಎಂಬುದನ್ನು ಅದು ಹೇಳುತ್ತದೆ.

ಮೇಲಿನ ಮೂರಕ್ಷರದ ಕೆಲಸ ಬೇರೆ. ಏನಿದೆ ಎನ್ನುವುದನ್ನು ಬಿಟ್ಟು, ಏನು ಮಾಡಬೇಕು ಎಂದಷ್ಟೇ ಹೇಳುವ ಸಂಕೇತ ಅದು. ಹೆಸರು ಹ್ಯಾಜ್‌ಕೆಮ್. 1970ರ ದಶಕದಲ್ಲಿ ಬ್ರಿಟನ್ನಿನ ಅಗ್ನಿಶಾಮಕ ದಳದವರು ತಮ್ಮ ಉಪಯೋಗಕ್ಕೆಂದೇ ಇದನ್ನು ರೂಪಿಸಿಕೊಂಡರು. ರಾಸಾಯನಿಕದ ಹೆಸರು ಓದಿ, ಪುಸ್ತಕ ತೆರೆದು, ಗುಣಲಕ್ಷಣ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಮೊದಲ ಐದು ನಿಮಿಷದ ಆದೇಶವನ್ನು ಗಾಡಿಯ ಮೇಲೆಯೇ ಬರೆದುಬಿಟ್ಟರೆ ಹೇಗೆ ಎಂಬುದು ಅವರ ಯೋಚನೆ. ಲ್ಯಾಬಿನಲ್ಲಿ ಕುಳಿತವರಿಗೆ ಹೊಳೆಯದೆ ಪೈಪು ಹಿಡಿದವರಿಗೆ ಹೊಳೆದ ಉಪಾಯ ಇದು ಎಂಬುದು ನನಗೆ ಇಷ್ಟವಾದ ಸಂಗತಿ.

ಮೊದಲ ಅಂಕಿ ಯಾವುದರಿಂದ ಆರಿಸಬೇಕು ಎಂಬುದನ್ನು ಹೇಳುತ್ತದೆ. 1 ಎಂದರೆ ನೀರಿನ ಧಾರೆ, 2 ಎಂದರೆ ಮಂಜಿನಂಥ ತುಂತುರು, 3 ಎಂದರೆ ನೊರೆ, 4 ಎಂದರೆ ಒಣ ಪುಡಿ. ನಾಲ್ಕಿದ್ದರೆ ನೀರು ಹತ್ತಿರವೂ ಸುಳಿಯಬಾರದು. ನಡುವಿನ ಅಕ್ಷರದಲ್ಲಿ ಎರಡು ಮೂರು ಮಾತು ಅಡಗಿವೆ: ಸಿಬ್ಬಂದಿ ಯಾವ ರಕ್ಷಣೆ ತೊಡಬೇಕು, ವಸ್ತು ಕೆರಳಿ ಸಿಡಿಯಬಹುದೇ, ಚೆಲ್ಲಿದ್ದನ್ನು ನೀರು ಸೇರಿಸಿ ಹರಿಯಬಿಡಬಹುದೇ ಅಥವಾ ಮಣ್ಣಿನ ಕಟ್ಟೆ ಕಟ್ಟಿ ಹಿಡಿದಿಡಬೇಕೇ. ಕೊನೆಯ ‘ಇ’ ಬಂದರೆ ಸುತ್ತಲಿನ ಜನರನ್ನು ತೆರವು ಮಾಡುವ ಯೋಚನೆ ಮಾಡಿ ಎಂದರ್ಥ.

ಈಗ 3ವೈಇ ಓದಿ. ನೊರೆ ಬಳಸಿ. ಉಸಿರಾಟದ ಉಪಕರಣ ತೊಡಿ. ಕೆರಳಬಹುದು, ಹುಷಾರು. ಚರಂಡಿಗೆ ಬಿಡಬೇಡಿ. ಜನರನ್ನು ದೂರ ಕಳಿಸಿ.

ಒಂದೊಂದು ಮಾತಿನ ಹಿಂದೆಯೂ ಕಾರಣವಿದೆ. ಪೆಟ್ರೋಲ್ ನೀರಿಗಿಂತ ಹಗುರ. ನೀರು ಸುರಿದರೆ ಅದರ ಮೇಲೆ ತೇಲಿಕೊಂಡು, ಉರಿಯುತ್ತಲೇ, ನೀರು ಹೋದಲ್ಲೆಲ್ಲ ಹೋಗುತ್ತದೆ. ನೊರೆಯಾದರೆ ಮೇಲೆ ಹೊದಿಕೆಯಾಗಿ ಕೂತು ಗಾಳಿ ತಪ್ಪಿಸುತ್ತದೆ. ಚರಂಡಿಗೆ ಬಿಡಬೇಡಿ ಎಂಬುದಂತೂ ನಮ್ಮ ಊರಿಗೇ ಹೇಳಿದಂತಿದೆ. ಉತ್ತರಹಳ್ಳಿ ಸುತ್ತಮುತ್ತಲಿನ ಮಳೆನೀರು ರಾಜಕಾಲುವೆಗಳಲ್ಲಿ ಹರಿದು ಕೆರೆಯಿಂದ ಕೆರೆಗೆ ಇಳಿಯುತ್ತದೆ. ಎಷ್ಟೋ ಕಡೆ ಅದಕ್ಕೆ ಚಪ್ಪಡಿ ಮುಚ್ಚಿ ಮೇಲೆ ಅಂಗಡಿ ನಡೆಯುತ್ತಿದೆ. ಆ ಕತ್ತಲೆ ಸುರಂಗಕ್ಕೆ ಪೆಟ್ರೋಲ್ ಇಳಿದು, ಆವಿ ತುಂಬಿ, ಅರ್ಧ ಕಿಲೋಮೀಟರ್ ಆಚೆ ಯಾರೋ ಬೀಡಿ ಹಚ್ಚಿದರೆ ಸಾಕು. ಮೆಕ್ಸಿಕೋದ ಗ್ವಾದಲಹಾರದಲ್ಲಿ 1992ರ ಏಪ್ರಿಲ್ 22ರಂದು ಒಳಚರಂಡಿಗೆ ಸೇರಿದ ಪೆಟ್ರೋಲ್ ಸ್ಫೋಟಿಸಿ ಕಿಲೋಮೀಟರುಗಟ್ಟಲೆ ಬೀದಿ ಬಾಯ್ಬಿಟ್ಟಿತು. 200ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿ ಟ್ಯಾಂಕರ್ ಇರಲಿಲ್ಲ, ಸೋರಿದ್ದು ಕೊಳವೆ. ಚರಂಡಿಗೆ ಅದೆಲ್ಲ ಒಂದೇ.

ಸರಿಯಾದ ಕೆಲಸ ಒಂದಕ್ಕೊಂದು ತದ್ವಿರುದ್ಧ

ಪ್ರತಿ ವಸ್ತುವಿಗೂ ಹೀಗೆ ಬೇರೆ ಆದೇಶ ಏಕೆ ಬೇಕು? ಬೆಂಕಿ ಬಿದ್ದರೆ ನೀರು, ಸೋರಿದರೆ ದೂರ ಓಡು ಎಂಬ ಸಾಮಾನ್ಯ ಜ್ಞಾನ ಸಾಲದೇ?

ಸಾಲದು. ಬೆಂಗಳೂರಿಗೆ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳನ್ನು ದಾಟಿ ಕನಕಪುರ ರಸ್ತೆಯ ದಿಕ್ಕಿನಿಂದಲೇ ನಗರಕ್ಕೆ ಏರುತ್ತದೆ. ನೀರಿನಲ್ಲಿರುವ ರೋಗಾಣು ಕೊಲ್ಲಲು ಕ್ಲೋರಿನ್ ಬೇಕು. ದ್ರವರೂಪದ ಕ್ಲೋರಿನ್ ತುಂಬಿದ, ಡ್ರಮ್ಮಿನಂತೆ ಮಲಗಿಸಿಡುವ ದೊಡ್ಡ ಸಿಲಿಂಡರಿಗೆ ಆ ಕಸುಬಿನವರು ‘ಟನ್ನರ್’ ಎನ್ನುತ್ತಾರೆ. ಅದು ಸೋರಿದಾಗ ಸೋರುವ ಜಾಗಕ್ಕೆ ನೀರು ಹಾಕಿದರೆ ಕ್ಲೋರಿನ್ ನೀರಿನೊಂದಿಗೆ ಸೇರಿ ಆಮ್ಲವಾಗುತ್ತದೆ. ಆಮ್ಲ ಲೋಹವನ್ನು ತಿಂದು ತೂತನ್ನು ದೊಡ್ಡದು ಮಾಡುತ್ತದೆ. ಅದೇ, ಹಾಲಿನ ಡೇರಿ ಮತ್ತು ಐಸ್ ಫ್ಯಾಕ್ಟರಿಗಳಲ್ಲಿ ತಣಿಸಲು ಬಳಸುವ ಅಮೋನಿಯ ಸೋರಿದರೆ, ಹರಡುವ ಆವಿಯ ಮೇಲೆ ನೀರಿನ ತುಂತುರಿನ ಪರದೆ ಕಟ್ಟುವುದೇ ಮದ್ದು. ನೀರು ಅದನ್ನು ಗಟಗಟನೆ ಹೀರಿಕೊಳ್ಳುತ್ತದೆ. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ಮಹಡಿ ಹತ್ತಿದವರು ಬದುಕಬಹುದು, ನೆಲಮಾಳಿಗೆಗೆ ಇಳಿದವರು ಸಿಕ್ಕಿಬೀಳುತ್ತಾರೆ.

ಅಂದರೆ ಒಂದು ಲಾರಿಯ ಮುಂದೆ ಪ್ರಾಣ ಉಳಿಸುವ ಕೆಲಸವೇ ಇನ್ನೊಂದು ಲಾರಿಯ ಮುಂದೆ ಪ್ರಾಣ ತೆಗೆಯುತ್ತದೆ. ಹೊಗೆ ನೋಡಿ ವಸ್ತುವನ್ನು ಗುರುತಿಸುವುದು ಎಂಥ ನಿಪುಣನಿಗೂ ಕಷ್ಟ. ಆದ್ದರಿಂದ ಧೈರ್ಯ, ನೀರು, ಸಿಬ್ಬಂದಿ ಇವೆಲ್ಲಕ್ಕೂ ಮೊದಲು ಅಲ್ಲಿಗೆ ತಲುಪಬೇಕಾದದ್ದು ಸುದ್ದಿ. ತುರ್ತು ಯೋಜನೆಯ ತಿರುಳು ಇಷ್ಟೇ. ಮಿಕ್ಕ ಸಮಿತಿ, ಕಡತ, ಅಣಕು ಪ್ರದರ್ಶನ ಎಲ್ಲವೂ ಆ ಸುದ್ದಿ ದಾರಿಯಲ್ಲಿ ಕಳೆದುಹೋಗದಂತೆ ನೋಡಿಕೊಳ್ಳಲು.

ಆರಿಸಬಾರದ ಬೆಂಕಿ

ಅಡುಗೆ ಅನಿಲದ ಕಥೆ ಸ್ವಲ್ಪ ವಿವರವಾಗಿ ನೋಡಬೇಕು. ಏಕೆಂದರೆ ಕರಾವಳಿಯ ಜನಕ್ಕೆ ಇದು ಪುಸ್ತಕದ ಕಥೆಯಲ್ಲ.

2012ರ ಆಗಸ್ಟ್ 27ರ ರಾತ್ರಿ ಮಂಗಳೂರಿನಿಂದ ದಕ್ಷಿಣಕ್ಕೆ ಹೊರಟಿದ್ದ ಅನಿಲ ಟ್ಯಾಂಕರ್ ಕಾಸರಗೋಡು ದಾಟಿ ಕಣ್ಣೂರಿನ ಚಾಲ ಎಂಬಲ್ಲಿ ರಸ್ತೆ ವಿಭಜಕಕ್ಕೆ ಬಡಿದು ಮಗುಚಿತು. ಅನಿಲ ಅಕ್ಕಪಕ್ಕದ ಮನೆಗಳವರೆಗೆ ಹರಿದು ಹೊತ್ತಿಕೊಂಡಿತು. 20 ಜನ ಸತ್ತರು. ವರ್ಷ ತುಂಬುವ ಮೊದಲೇ, 2013ರ ಏಪ್ರಿಲ್ 9ರ ಬೆಳಿಗ್ಗೆ, ಮಂಗಳೂರು–ಬೆಂಗಳೂರು ಹೆದ್ದಾರಿಯಲ್ಲಿ ಮಾಣಿಗೂ ಉಪ್ಪಿನಂಗಡಿಗೂ ನಡುವೆ ಪೆರ್ನೆಯಲ್ಲಿ ಇನ್ನೊಂದು ಟ್ಯಾಂಕರ್ ಉರುಳಿತು. ರಸ್ತೆಬದಿಯ ಮನೆ, ಅಂಗಡಿಗಳು ಸುಟ್ಟುಹೋದವು. ಬೆಳಗಿನ ಕೆಲಸದಲ್ಲಿದ್ದ ಜನ ಇದ್ದಲ್ಲೇ ಬೆಂದುಹೋದರು.

ಎರಡು ಕಡೆಯೂ ಬೆಂಕಿಗಿಂತ ಮುಂಚೆ ಬಂದದ್ದು ಕಣ್ಣಿಗೆ ಸರಿಯಾಗಿ ಕಾಣದ ಹರಿವು. ಬುಲೆಟ್ ಟ್ಯಾಂಕರಿನಲ್ಲಿ ಸುಮಾರು 17–18 ಟನ್ ಅನಿಲ ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ. ಹೊರಬಂದರೆ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೆ ಸಾಕು, ಹೊತ್ತಿಕೊಳ್ಳುತ್ತದೆ. ಇದು ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಅಂಟಿಕೊಂಡು ತಗ್ಗು ಹುಡುಕುತ್ತ ಹೋಗುತ್ತದೆ. ಇಡೀ ಟ್ಯಾಂಕರಿನ ಅನಿಲ ಹೀಗೆ ಬೆರೆತು ಒಂದು ಮೀಟರ್ ಎತ್ತರದ ಪದರವಾದರೆ ಎಷ್ಟು ಜಾಗ ಮುಚ್ಚೀತು ಎಂದು ಗುಣಿಸಿದರೆ ಉತ್ತರ ಹತ್ತಿರಹತ್ತಿರ ನೂರು ಎಕರೆ. ಕಾಗದದ ಲೆಕ್ಕ ನಿಜ, ಗಾಳಿ ಬೀಸಿ ಚದುರಿಸುತ್ತದೆ, ಅಷ್ಟೂ ಒಮ್ಮೆಲೇ ಹೊರಬರುವುದಿಲ್ಲ. ಆದರೂ ಯಾರದೋ ಮನೆಯ ಒಲೆ, ದೇವರ ದೀಪ, ಸ್ಟಾರ್ಟ್ ಮಾಡಿದ ಬೈಕು ಇವುಗಳಲ್ಲಿ ಯಾವುದಾದರೂ ಒಂದು ಅಷ್ಟು ಜಾಗದೊಳಗೆ ಸಿಕ್ಕೇ ಸಿಗುತ್ತದೆ.

ಈಗ ಟಿ.ವಿ.ಯ ಒಗಟು. ಸೋರುತ್ತಿರುವ ಅನಿಲ ಸೋರುವ ಜಾಗದಲ್ಲೇ ಹೊತ್ತಿಕೊಂಡು ಉರಿಯುತ್ತಿದ್ದರೆ, ಅದು ಹೊರಬಂದಂತೆಲ್ಲ ಖರ್ಚಾಗುತ್ತಿದೆ. ಜ್ವಾಲೆಯನ್ನು ಆರಿಸಿಬಿಟ್ಟರೆ ಸೋರಿಕೆ ನಿಲ್ಲುವುದಿಲ್ಲ, ಉರಿ ಮಾತ್ರ ನಿಲ್ಲುತ್ತದೆ. ಖರ್ಚಾಗದ ಅನಿಲ ಮತ್ತೆ ನೆಲ ಹಿಡಿದು ಮನೆಗಳತ್ತ ಹೊರಡುತ್ತದೆ. ಹಾಗಾಗಿ ವಾಲ್ವ್ ಮುಚ್ಚಲು ಆಗುವವರೆಗೆ ಆ ಬೆಂಕಿಯನ್ನು ಕಾಪಾಡಿಕೊಳ್ಳುವುದೇ ಜಾಣತನ.

ಮತ್ತೆ ನೀರು ಟ್ಯಾಂಕಿನ ಬೆನ್ನಿಗೇಕೆ? ಒಲೆಯ ಮೇಲಿಟ್ಟ ಪಾತ್ರೆಯಲ್ಲಿ ನೀರು ಇರುವವರೆಗೆ ತಳ ಸೀಯುವುದಿಲ್ಲ. ಕೊಟ್ಟ ಶಾಖವನ್ನೆಲ್ಲ ನೀರು ಕುದಿಯುವುದಕ್ಕೆ ಬಳಸಿಕೊಳ್ಳುತ್ತದೆ. ನೀರು ಬತ್ತಿದ ಮೇಲೆ ಎರಡೇ ನಿಮಿಷಕ್ಕೆ ಪಾತ್ರೆ ಕೆಂಪಾಗುತ್ತದೆ. ಟ್ಯಾಂಕರಿನಲ್ಲಿ ಇದೇ ನಡೆಯುತ್ತದೆ. ಬೆಂಕಿ ಟ್ಯಾಂಕನ್ನು ಸುಡುವಾಗ, ಒಳಗೆ ದ್ರವ ತಾಗಿರುವ ಕೆಳಭಾಗದ ಉಕ್ಕು ತಂಪಾಗಿಯೇ ಇರುತ್ತದೆ. ದ್ರವದ ಮೇಲೆ ಬರೀ ಅನಿಲವಿರುವ ಬೆನ್ನಿನ ಭಾಗಕ್ಕೆ ಆ ಆಸರೆ ಇಲ್ಲ. ಆರುನೂರು ಡಿಗ್ರಿಯ ಹತ್ತಿರ ಬಂದರೆ ಉಕ್ಕು ಕರಗುವುದಿಲ್ಲ, ಆದರೆ ಅರ್ಧದಷ್ಟು ಬಲ ಕಳೆದುಕೊಳ್ಳುತ್ತದೆ. ಇತ್ತ ಒಳಗಿನ ದ್ರವ ಕುದ್ದು ಒತ್ತಡ ಏರುತ್ತಿರುತ್ತದೆ. ಸುರಕ್ಷಾ ವಾಲ್ವ್ ತೆರೆದು ಸ್ವಲ್ಪ ಅನಿಲ ಬಿಡುತ್ತದೆ. ಆಗ ಒಳಗಿನ ಮಟ್ಟ ಇಳಿದು, ಆಸರೆಯಿಲ್ಲದ ಉಕ್ಕಿನ ಪಾಲು ಇನ್ನೂ ಹೆಚ್ಚುತ್ತದೆ. ಒಂದು ಹಂತದಲ್ಲಿ ಮೆತ್ತಗಾದ ಬೆನ್ನು ಸೀಳುತ್ತದೆ. ಒತ್ತಡ ತಟಕ್ಕನೆ ಬಿದ್ದುಹೋಗಿ, ಒಳಗಿದ್ದ ಟನ್ನುಗಟ್ಟಲೆ ದ್ರವ ಒಂದೇ ಏಟಿಗೆ ಕುದಿದು ಅನಿಲವಾಗಿ ಬೆಂಕಿಯ ಗೋಳವಾಗುತ್ತದೆ. ಟ್ಯಾಂಕಿನ ತುಂಡುಗಳು ರಾಕೆಟ್ಟಿನಂತೆ ಹಾರುತ್ತವೆ. ಇಂಗ್ಲಿಷಿನಲ್ಲಿ ಬ್ಲೆವಿ ಎನ್ನುವ ಇದನ್ನು ‘ಕುದಿಸ್ಫೋಟ’ ಎನ್ನಬಹುದು. ಬೆನ್ನಿಗೆ ಬಿಡುವ ನೀರು ಈ ಸೀಳನ್ನು ಮುಂದೂಡುವ ಪ್ರಯತ್ನ.

ಎಷ್ಟು ಹೊತ್ತು ಮುಂದೂಡಬಹುದು ಎಂಬುದೇ ಪ್ರಶ್ನೆ. ಅಮೆರಿಕದ ಅರಿಜೋನಾದ ಕಿಂಗ್‌ಮನ್ನಿನಲ್ಲಿ 1973ರ ಜುಲೈ 5ರಂದು ರೈಲಿನ ಪ್ರೊಪೇನ್ ಟ್ಯಾಂಕಿಗೆ ಬೆಂಕಿ ತಗುಲಿತು. ದಳದವರು ತಣಿಸಲು ಸಿದ್ಧತೆ ನಡೆಸುತ್ತಿರುವಾಗಲೇ, ಅರ್ಧ ಗಂಟೆಯೂ ಕಳೆಯದೆ ಅದು ಕುದಿಸ್ಫೋಟವಾಯಿತು. ಸತ್ತವರಲ್ಲಿ 11 ಜನ ಬೆಂಕಿ ನಂದಿಸಲು ಬಂದವರು. ನೀರು ಸಾಕಷ್ಟು ಬೇಗ, ಸಾಕಷ್ಟು ಹೆಚ್ಚು ಸಿಗದಿದ್ದರೆ ಮುಂದಿನ ಆದೇಶ ಹಿಂದೆ ಸರಿಯುವುದು. ಅಮೆರಿಕ, ಕೆನಡಾ, ಮೆಕ್ಸಿಕೋ ಬಳಸುವ ತುರ್ತು ಕೈಪಿಡಿ ಅನಿಲ ಟ್ಯಾಂಕ್ ಬೆಂಕಿಗೆ ಸಿಕ್ಕಿದಾಗ ಸುತ್ತ 1,600 ಮೀಟರ್ ತೆರವು ಮಾಡಿ ಎನ್ನುತ್ತದೆ.

ಬೆನ್ನು ತೋರಿಸಬೇಕಾದ ಲಾರಿ

ಸ್ಫೋಟಕದ ಲಾರಿಗೂ ಅದೇ 1,600 ಮೀಟರ್. ಆದರೆ ಅಲ್ಲಿ ತಣಿಸುವ ಮಾತೇ ಇಲ್ಲ.

ಬೆಂಗಳೂರಿನ ಸುತ್ತ ನೆಲದಡಿ ಇರುವುದು ಕಲ್ಲು. ಉತ್ತರಹಳ್ಳಿಯ ಪಕ್ಕದ ತುರಹಳ್ಳಿ ಗುಡ್ಡದಲ್ಲಿ ಅದು ಬರಿಗಣ್ಣಿಗೇ ಕಾಣುತ್ತದೆ. ನಗರ ಬೆಳೆಯಲು ಜಲ್ಲಿ ಬೇಕು, ಜಲ್ಲಿಗೆ ಕ್ವಾರಿ ಬೇಕು, ಕ್ವಾರಿಗೆ ಜಿಲೆಟಿನ್ ಕಡ್ಡಿ ಬೇಕು. ನಮ್ಮ ಮನೆಗಳ ಪ್ರತಿ ಛಾವಣಿಯ ಹಿಂದೆಯೂ ಎಲ್ಲೋ ಒಂದು ಸ್ಫೋಟಕದ ಲಾರಿ ಓಡಿದೆ ಎಂಬುದನ್ನು ನಾವು ಮರೆತಿರುತ್ತೇವೆ.

ಈಗಿನ ಗಣಿ ಸ್ಫೋಟಕ ಹಳೆಯ ನೈಟ್ರೊಗ್ಲಿಸರಿನ್ನಿನಷ್ಟು ಮುಂಗೋಪಿಯಲ್ಲ. ಒಂದು ಕಡ್ಡಿಗೆ ಬಯಲಿನಲ್ಲಿ ಬೆಂಕಿ ಇಟ್ಟರೆ ಸಾಮಾನ್ಯವಾಗಿ ಸುಮ್ಮನೆ ಉರಿಯುತ್ತದೆ. ಉರಿಯುವುದು ಬೇರೆ, ಸಿಡಿಯುವುದು ಬೇರೆ. ಉರಿ ಶಾಖದಿಂದ ಒಂದು ಕಣದಿಂದ ಮುಂದಿನ ಕಣಕ್ಕೆ ನಿಧಾನವಾಗಿ ಸಾಗುತ್ತದೆ. ಸಿಡಿತದಲ್ಲಿ ಸಾಗುವುದು ಒತ್ತಡದ ಅಲೆ. ಸೆಕೆಂಡಿಗೆ ನಾಲ್ಕೈದು ಕಿಲೋಮೀಟರ್ ವೇಗದಲ್ಲಿ. ಆ ಅಲೆಗೆ ಮೊದಲ ಪೆಟ್ಟು ಕೊಡುವ ಪುಟ್ಟ ಕೊಳವೆಯೇ ಡಿಟೊನೇಟರ್. ಅದಕ್ಕಾಗಿಯೇ ಕಡ್ಡಿಯನ್ನೂ ಡಿಟೊನೇಟರನ್ನೂ ಒಂದೇ ಕಡೆ ಸೇರಿಸಿ ಸಾಗಿಸಬಾರದು ಎಂಬ ಕಟ್ಟುಪಾಡು. ಡಿಟೊನೇಟರ್ ಇಲ್ಲದೆಯೂ, ನೂರಾರು ಕಡ್ಡಿಗಳು ಒತ್ತಾಗಿ ಪೆಟ್ಟಿಗೆಯಲ್ಲಿದ್ದು ಶಾಖ ಹೊರಹೋಗಲು ದಾರಿಯಿಲ್ಲದಿದ್ದರೆ ಉರಿಯೇ ಸಿಡಿತವಾಗಿ ತಿರುಗಬಹುದು. ಯಾವ ಕ್ಷಣದಲ್ಲಿ ಎಂದು ಹೊರಗಿನಿಂದ ಯಾರೂ ಹೇಳಲಾರರು.

ಹೀಗಾಗಿ ಸ್ಫೋಟಕದ ಲಾರಿಯಲ್ಲಿ ಒಂದು ಗೆರೆ ಇದೆ. ಎಂಜಿನ್ನಿಗೋ ಟೈರಿಗೋ ಬೆಂಕಿ ಹತ್ತಿದೆ, ಸರಕಿಗೆ ಇನ್ನೂ ತಾಗಿಲ್ಲ ಎಂದರೆ ಕೈಗೆ ಸಿಕ್ಕ ನೀರು, ಮರಳು, ಪುಡಿ ಎಲ್ಲವನ್ನೂ ಬಳಸಿ ಆರಿಸಬೇಕು. ಟೈರಿನ ಬೆಂಕಿ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುವ ಜಾತಿಯದು, ಅದನ್ನು ಕಾಯಬೇಕು. ಸರಕಿಗೆ ತಾಗಿತೋ, ಅಲ್ಲಿಗೆ ಮುಗಿಯಿತು. ಪೈಪು ಕೆಳಗಿಟ್ಟು ಎಲ್ಲರನ್ನೂ ಹೊರಡಿಸಿಕೊಂಡು ಹೋಗಬೇಕು. ಸ್ಫೋಟಕದಲ್ಲಿ ಉರಿಯಲು ಬೇಕಾದ ಆಮ್ಲಜನಕವೂ ಒಳಗೇ ಇರುವುದರಿಂದ ನೊರೆ ಹೊದಿಸಿ ಉಸಿರು ಕಟ್ಟಿಸುವ ಉಪಾಯ ನಡೆಯುವುದಿಲ್ಲ. ಓಡಿಹೋದರು ಎಂದು ಮಾರನೆಯ ದಿನ ಬರೆಯುವವರು ಇದನ್ನು ತಿಳಿದಿರಬೇಕು.

ಫಲಕವಿಲ್ಲದ ಸರಕು

2021ರ ಜನವರಿ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ ಶಿವಮೊಗ್ಗದ ಜನ ಭೂಕಂಪ ಎಂದುಕೊಂಡು ಬೀದಿಗೆ ಬಂದರು. ಅಕ್ಕಪಕ್ಕದ ಜಿಲ್ಲೆಗಳಲ್ಲೂ ಕಿಟಕಿ ಅದುರಿತು. ಹುಣಸೋಡಿನ ಕ್ರಷರ್ ಬಳಿ ಜಿಲೆಟಿನ್ ತುಂಬಿದ್ದ ವಾಹನ ಸ್ಫೋಟಿಸಿತ್ತು. ಕನಿಷ್ಠ ಆರು ಜನ ಸತ್ತಿದ್ದರು. ತಿಂಗಳು ಕಳೆದು ಫೆಬ್ರುವರಿ 23ರ ನಸುಕಿಗೆ ಮುಂಚೆ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ, ಅಕ್ರಮವಾಗಿ ಇಟ್ಟಿದ್ದ ಜಿಲೆಟಿನ್ ಕಡ್ಡಿಗಳನ್ನು ಸಾಗಹಾಕಲು ಹೋದಾಗ ಸ್ಫೋಟವಾಗಿ ಆರು ಜನ ಹೋದರು. ಅದೇ ವರ್ಷ ಸೆಪ್ಟೆಂಬರ್ 23ರಂದು ಬೆಂಗಳೂರಿನ ನ್ಯೂ ತರಗುಪೇಟೆಯಲ್ಲಿ, ನಮ್ಮ ಉತ್ತರಹಳ್ಳಿಯಿಂದ ಹತ್ತು ಕಿಲೋಮೀಟರ್ ಆಸುಪಾಸಿನ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲಿ, ಬೇರೆ ಪಾರ್ಸೆಲ್ಲುಗಳ ನಡುವೆ ಇದ್ದ ಪಟಾಕಿ ಪೆಟ್ಟಿಗೆಗಳು ಸಿಡಿದವು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯಲ್ಲಿ ವಾಹನದಿಂದ ಪಟಾಕಿ ಇಳಿಸುವಾಗ ಹೊತ್ತಿದ ಬೆಂಕಿ ಹದಿನಾಲ್ಕಕ್ಕೂ ಹೆಚ್ಚು ಜನರನ್ನು ತೆಗೆದುಕೊಂಡಿತು. ಅವರಲ್ಲಿ ಬಹುಪಾಲು ದೀಪಾವಳಿ ಹಂಗಾಮಿಗೆಂದು ತಮಿಳುನಾಡಿನಿಂದ ಕೂಲಿಗೆ ಬಂದ ಹುಡುಗರು.

ಸ್ಫೋಟಕ ಕಾನೂನು ನಮ್ಮಲ್ಲಿ 1884ರಿಂದ ಇದೆ. ಅದರಡಿ 2008ರ ನಿಯಮಗಳಿವೆ. ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಬಾಯಿಮಾತಿನ ‘ಪೆಸೊ’, ಲೈಸೆನ್ಸು ಕೊಡುತ್ತದೆ. ಸ್ಫೋಟಕಕ್ಕೆಂದೇ ಕಟ್ಟಿದ ವ್ಯಾನು ಬೇಕು, ಎಲ್ಲಿಂದ ಎಲ್ಲಿಗೆ ಎಂಬ ಪಾಸು ಬೇಕು, ಹಗಲು ಹೊತ್ತಿನಲ್ಲೇ ಇಳಿಸಬೇಕು. ಹುಣಸೋಡು, ಹಿರೇನಾಗವಲ್ಲಿಯ ಗಡಿಯಾರ ನೋಡಿದರೆ ಎರಡೂ ರಾತ್ರಿ.

ಕಳ್ಳಸಾಗಣೆಯನ್ನು ನಾವು ತೆರಿಗೆ, ಲೈಸೆನ್ಸು, ಅಪರಾಧದ ಭಾಷೆಯಲ್ಲಿ ಮಾತಾಡುತ್ತೇವೆ. ತುರ್ತು ಯೋಜನೆಯ ಕಣ್ಣಿನಿಂದ ನೋಡಿದರೆ ಅದರ ದೊಡ್ಡ ಕೇಡು ಇನ್ನೊಂದಿದೆ. ಬಚ್ಚಿಟ್ಟು ಸಾಗಿಸುವವನು ಮೊದಲು ಮಾಡುವ ಕೆಲಸವೇ ಫಲಕ ಇಲ್ಲದಂತೆ ನೋಡಿಕೊಳ್ಳುವುದು. ಆ ಲಾರಿಗೆ ಬೆಂಕಿ ಬಿದ್ದರೆ ಬಂದವರು ಅದನ್ನು ತೆಂಗಿನಕಾಯಿ ಲಾರಿ ಎಂದೇ ಭಾವಿಸಿ ಹತ್ತಿರ ಹೋಗುತ್ತಾರೆ. ಬೈರೂತ್ ಬಂದರಿನಲ್ಲಿ 2020ರ ಆಗಸ್ಟ್ 4ರಂದು ನಡೆದದ್ದು ಇದೇ. ಗೋದಾಮಿನಲ್ಲಿ ಆರೇಳು ವರ್ಷದಿಂದ 2,750 ಟನ್ ಅಮೋನಿಯಂ ನೈಟ್ರೇಟ್ ಕೊಳೆಯುತ್ತಿರುವುದು ಕಡತಗಳಿಗೆ ಗೊತ್ತಿತ್ತು. ಬೆಂಕಿ ಆರಿಸಲು ಕಳಿಸಿದ ಹತ್ತು ಜನರ ತಂಡಕ್ಕೆ ಗೊತ್ತಿರಲಿಲ್ಲ. ಹತ್ತು ಜನರೂ ವಾಪಸು ಬರಲಿಲ್ಲ.

ಕ್ಯಾಬಿನ್ನಿನಲ್ಲಿರುವ ಹಾಳೆ

ಕಾನೂನುಬದ್ಧ ಲಾರಿಯ ಸುದ್ದಿಯಾದರೂ ಸರಿಯಾಗಿ ತಲುಪುತ್ತದೆಯೇ? 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಇದಕ್ಕೆ ಸರಪಳಿ ಕಟ್ಟಿವೆ. ಸರಕು ಕಳಿಸುವವರು ಅದೇನೆಂದು ಬರೆದು ಕೊಡಬೇಕು. ಫಲಕದಲ್ಲಿ ವಸ್ತುವಿನ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ, ಸಂಖ್ಯೆ ಕನಿಷ್ಠ 100 ಮಿಲಿಮೀಟರ್ ಎತ್ತರದಲ್ಲಿ ಇರಬೇಕು. ಚಾಲಕನ ಬಳಿ ‘ಟ್ರೆಮ್ ಕಾರ್ಡ್’ ಎಂಬ ಹಾಳೆ ಇರಬೇಕು. ಸೋರಿದರೆ, ಹೊತ್ತಿದರೆ, ಮೈಗೆ ತಾಗಿದರೆ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ. ಚಾಲಕ ವಿಶೇಷ ತರಬೇತಿ ಪಡೆದಿರಬೇಕು, ಒಂದು ಭಾರತೀಯ ಭಾಷೆ ಮತ್ತು ಇಂಗ್ಲಿಷ್ ಓದಬರೆಯಲು ಬರಬೇಕು. ಅಪಘಾತವಾದರೆ ತಕ್ಷಣ ಹತ್ತಿರದ ಠಾಣೆಗೆ ತಿಳಿಸಬೇಕು.

ಕಾಗದದ ಮೇಲೆ ಚೆಂದವಾಗಿದೆ. ದಕ್ಷಿಣದ ಅನಿಲ ಟ್ಯಾಂಕರುಗಳಲ್ಲಿ ಬಹಳಷ್ಟು ತಮಿಳುನಾಡಿನ ನಾಮಕ್ಕಲ್ಲಿನ ಮಾಲೀಕರದು. ಇಂಗ್ಲಿಷ್ ಹಾಳೆ, ತಮಿಳು ಚಾಲಕ, ತುಳುನಾಡಿನ ರಸ್ತೆ, ಕನ್ನಡದಲ್ಲಿ ಫೋನ್ ಎತ್ತುವ ಪೊಲೀಸ್. ಹಾಳೆ ಇರುವುದು ಕ್ಯಾಬಿನ್ನಿನಲ್ಲಿ, ಮಗುಚಿದ ಲಾರಿಯಲ್ಲಿ ಯಾರೂ ಹೋಗಲಾಗದ ಜಾಗ ಅದೇ. ಗಾಯಗೊಂಡ ಚಾಲಕನನ್ನು ಆಂಬುಲೆನ್ಸು ಒಯ್ದ ಮೇಲೆ ಏನಿತ್ತು ಎಂದು ಹೇಳುವವರೇ ಇರುವುದಿಲ್ಲ.

ಇಂಥ ಹೊತ್ತಿನಲ್ಲಿ ಉಳಿಯುವುದು ಅಂಕಿ ಮಾತ್ರ. ಅದಕ್ಕೆ ಭಾಷೆಯ ಹಂಗಿಲ್ಲ. ದೂರದಲ್ಲಿ ನಿಂತೇ ಮೊಬೈಲಿನಲ್ಲಿ ಫೋಟೊ ಹಿಗ್ಗಿಸಿ ಓದಿಕೊಂಡು 112ಕ್ಕೆ ‘ಒಂದು ಸೊನ್ನೆ ಏಳು ಐದು’ ಎಂದು ಹೇಳಿದರೆ ಸಾಕು. ಬನಶಂಕರಿಯಿಂದ ಹೊರಡುವ ಅಗ್ನಿಶಾಮಕ ಗಾಡಿ ನೊರೆ ತುಂಬಿಸಿಕೊಳ್ಳಬೇಕೋ, ಎಷ್ಟು ದೂರದಲ್ಲಿ ನಿಲ್ಲಬೇಕೋ ಎಂಬುದು ಹೊರಡುವ ಮೊದಲೇ ತೀರ್ಮಾನವಾಗುತ್ತದೆ. ಮೊದಲ ಕರೆ ಮಾಡುವವರು ಬಹುತೇಕ ದಾರಿಹೋಕರೇ. ಅವರಿಗೆ ಇದನ್ನು ಕಲಿಸಲು ಯಾವ ಸಲಕರಣೆಯೂ ಬೇಕಾಗಿಲ್ಲ ಎಂದು ನನಗೆ ಅನಿಸುತ್ತದೆ. ಬಂಕಿನ ಗೋಡೆಯ ಮೇಲೆ ನಾಲ್ಕು ಸಾಲು ಕನ್ನಡದಲ್ಲಿ ಬರೆಸಿದರೂ ಆದೀತು.

ಎಂಟು ಚದರ ಕಿಲೋಮೀಟರ್

ಉತ್ತರಹಳ್ಳಿ ಸರ್ಕಲ್ಲನ್ನು ನಡುವಿಟ್ಟು 1,600 ಮೀಟರಿನ ವೃತ್ತ ಎಳೆದು ನೋಡೋಣ. ಚಿಕ್ಕಲಸಂದ್ರ, ಅರೇಹಳ್ಳಿ, ಪೂರ್ಣಪ್ರಜ್ಞ ಲೇಔಟ್, ಸುಬ್ರಹ್ಮಣ್ಯಪುರ, ಇವುಗಳ ಬಹುಭಾಗ ಒಳಗೆ ಬರುತ್ತದೆ. ವೃತ್ತದ ವಿಸ್ತೀರ್ಣ ಎಂಟು ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಮಹಾನಗರದ 700ಕ್ಕೂ ಹೆಚ್ಚು ಚದರ ಕಿಲೋಮೀಟರಿನಲ್ಲಿ 84 ಲಕ್ಷ ಜನರಿದ್ದರು. ಆ ಸರಾಸರಿ ಹಿಡಿದರೂ ವೃತ್ತದೊಳಗೆ ಒಂದು ಲಕ್ಷದ ಹತ್ತಿರ. ಈಗ ಇನ್ನೂ ಹೆಚ್ಚು. ಅರ್ಧ ಗಂಟೆಯಲ್ಲಿ ಒಂದು ಲಕ್ಷ ಜನರನ್ನು ಆ ರಸ್ತೆಗಳಲ್ಲಿ ಹೊರಗೆ ಸಾಗಿಸುವುದು ಆಗದ ಮಾತು. ಅಮೆರಿಕದ ಕೈಪಿಡಿಯ ಅಳತೆ ಬಯಲು ಹೆದ್ದಾರಿಗೆ ಸರಿ. ಇಲ್ಲಿ ಅದನ್ನೇ ಕಡತಕ್ಕೆ ಅಂಟಿಸಿದರೆ ಯೋಜನೆ ಎನಿಸದು.

ಹಾಗಾಗಿ ನಗರದಲ್ಲಿ ಅಸಲಿ ಯೋಜನೆ ಅಪಘಾತಕ್ಕೆ ಮೊದಲೇ ಮುಗಿದಿರಬೇಕು. ಮೊದಲ ಉಪಾಯ, ಸರಕನ್ನು ರಸ್ತೆಯಿಂದಲೇ ಇಳಿಸುವುದು. ಬೆಂಗಳೂರಿನ ಪೆಟ್ರೋಲು, ಡೀಸೆಲಿನ ದೊಡ್ಡ ಪಾಲು ಈಗ ಮಂಗಳೂರಿನಿಂದ ಹಾಸನ ಹಾದು ದೇವನಗೊಂತಿಗೆ 362 ಕಿಲೋಮೀಟರಿನ ಕೊಳವೆಯಲ್ಲಿ ಬರುತ್ತದೆ. ಆ ಕೊಳವೆ ಇಲ್ಲದಿದ್ದರೆ ಅಷ್ಟೂ ಟ್ಯಾಂಕರುಗಳು ಶಿರಾಡಿ ಘಾಟಿ ಹತ್ತಬೇಕಿತ್ತು. ಉಳಿಯುವುದು ದೇವನಗೊಂತಿಯಿಂದ ಬಂಕಿನವರೆಗಿನ ಕೊನೆಯ ಹಾದಿ. ಅದಕ್ಕೆ ಹೊತ್ತು, ಮಾರ್ಗ ಗೊತ್ತುಮಾಡುವುದು ಎರಡನೆಯ ಉಪಾಯ. ಶಾಲೆ ಬಿಡುವ ಹೊತ್ತಿನಲ್ಲಿ ಸುಬ್ರಹ್ಮಣ್ಯಪುರದ ರಸ್ತೆಯಲ್ಲಿ ಟ್ಯಾಂಕರ್ ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಲು ರಸಾಯನಶಾಸ್ತ್ರ ಬೇಕಿಲ್ಲ.

ಮೂರನೆಯದು ಗಾಳಿ. ಬೆಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಡುವಣದಿಂದ ಬೀಸುತ್ತದೆ, ಚಳಿಗಾಲದಲ್ಲಿ ಮೂಡಣದಿಂದ. ಅದೇ ಸರ್ಕಲ್ಲಿನಲ್ಲಿ ಅದೇ ಕ್ಲೋರಿನ್ ಟನ್ನರ್ ಸೋರಿದರೆ ಜುಲೈಯಲ್ಲಿ ಕನಕಪುರ ರಸ್ತೆ, ಜೆ.ಪಿ. ನಗರದ ಕಡೆಯವರು ಕಿಟಕಿ ಮುಚ್ಚಿಕೊಳ್ಳಬೇಕು, ಡಿಸೆಂಬರಿನಲ್ಲಿ ಕೆಂಗೇರಿಯ ಕಡೆಯವರು. ಎಲ್ಲರನ್ನೂ ಓಡಿಸುವ ಬದಲು ಯಾರು ಓಡಬೇಕು, ಯಾರು ಬಾಗಿಲು ಹಾಕಿಕೊಂಡು ಒಳಗೇ ಇರಬೇಕು ಎಂದು ಹೇಳಲು ಆಗುವುದು ಇದರಿಂದ. ಆದರೆ ಕುದಿಸ್ಫೋಟಕ್ಕೆ ಗಾಳಿಯ ದಿಕ್ಕು ಲೆಕ್ಕವಿಲ್ಲ. ಅದು ಸುತ್ತಲೂ ಸುಡುತ್ತದೆ. ಮತ್ತೆ ಅದೇ ಮಾತು, ವಸ್ತು ಯಾವುದೆಂದು ತಿಳಿಯದೆ ಯಾವ ಆದೇಶವೂ ಹೊರಡದು.

ರಾಸಾಯನಿಕ ಅಪಘಾತಗಳ 1996ರ ನಿಯಮಗಳ ಪ್ರಕಾರ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ತುರ್ತು ಸಮಿತಿ ಇರಬೇಕು. ಅಣಕು ಪ್ರದರ್ಶನಗಳೂ ನಡೆಯುತ್ತವೆ, ಹೆಚ್ಚಾಗಿ ಡಿಪೊಗಳ ಕಾಂಪೌಂಡಿನೊಳಗೆ, ಮೊದಲೇ ಗೊತ್ತಿರುವ ಟ್ಯಾಂಕು, ಮೊದಲೇ ಗೊತ್ತಿರುವ ವಸ್ತು, ಸಿದ್ಧವಾಗಿ ನಿಂತ ಗಾಡಿಗಳೊಂದಿಗೆ. ಫೋಟೊಗಳು ಚೆನ್ನಾಗಿ ಬರುತ್ತವೆ. ಪರೀಕ್ಷೆ ಮಾಡಲೇಬೇಕೆಂದರೆ ಒಂದು ಭಾನುವಾರ ಬೆಳಿಗ್ಗೆ ಉತ್ತರಹಳ್ಳಿಯ ರಸ್ತೆಬದಿಯಲ್ಲಿ ಖಾಲಿ ಟ್ಯಾಂಕರ್ ನಿಲ್ಲಿಸಿ, ಫಲಕದಲ್ಲಿ ಯಾರಿಗೂ ಮೊದಲು ಹೇಳದ ನಾಲ್ಕಂಕಿ ಬರೆದು, ಬಸ್‌ಸ್ಟಾಪಿನಲ್ಲಿ ನಿಂತ ಒಬ್ಬರಿಂದ 112ಕ್ಕೆ ಕರೆ ಮಾಡಿಸಬೇಕು. ಆ ಅಂಕಿ ಎಷ್ಟು ಬಾಯಿ ದಾಟಿ, ಎಷ್ಟು ನಿಮಿಷಕ್ಕೆ, ಸರಿಯಾಗಿಯೋ ತಪ್ಪಾಗಿಯೋ ಗಾಡಿಯ ಚಾಲಕನ ಕಿವಿಗೆ ಬೀಳುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕು. ಖರ್ಚು ಒಂದು ಟ್ಯಾಂಕರಿನ ಅರ್ಧ ದಿನದ ಬಾಡಿಗೆ.